‘ಇವತ್ತು ರಾತ್ರಿ ಬಿಗಿಯುತ್ತದೆ’ ಎಂದರೆ ನೀರು ತುಂಬಿಸಿಕೊಳ್ಳಿ

ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳಾಯಿತು, ಲಂಡನ್ನಿನ ಬಾಡಿಗೆ ಕೊಟ್ಟು ಸಾಕಾಗಿದೆ, ಹಳೆಯದೊಂದು ನ್ಯಾರೋಬೋಟ್ (ಇಲ್ಲಿನ ಕಿರಿದಾದ ಕಾಲುವೆಗಳಿಗೆಂದೇ ಕಟ್ಟಿದ ಉದ್ದನೆಯ ದೋಣಿ) ಕೊಂಡು ಕಾಲುವೆಯ ಮೇಲೆ ಸಂಸಾರ ಹೂಡುವ ಆಲೋಚನೆ ಇದೆ ಎಂದು ಬರೆದಿದ್ದೀರಿ. ದೋಣಿಯವರ ಪರಿಚಯವಾಗಲೆಂದು ಎರಡು ವಾರಾಂತ್ಯ ಕಾಲುವೆಯ ದಂಡೆಯಲ್ಲಿ ಓಡಾಡಿದಿರಂತೆ. “ಅಕ್ಕ, ಇವರು ಚಳಿಯ ಬಗ್ಗೆ ಮತ್ತು ಯಾವ ಪಬ್ಬಿನಲ್ಲಿ ಊಟ ಚೆನ್ನಾಗಿದೆ ಎಂಬುದರ ಬಗ್ಗೆ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಇಂಥವರ ನಡುವೆ ಚಳಿಗಾಲ ಕಳೆಯುವುದು ಹೇಗೆ? ಸಸ್ಯಾಹಾರಿಯಾದ ನನಗೆ ಊಟಕ್ಕೇನು ಗತಿ?” ಎಂದು ಕೇಳಿದ್ದೀರಿ.

ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಅದರ ಬೆಲೆಯನ್ನೂ ತೆತ್ತೆ.

ನಾನು ದೋಣಿಗೆ ಬಂದದ್ದು 2010ರ ಸೆಪ್ಟೆಂಬರಿನಲ್ಲಿ. ನವೆಂಬರಿನ ಕೊನೆಗೆ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಬ್ರಾನ್‌ಸ್ಟನ್ ಊರಿನ ಹತ್ತಿರ ದೋಣಿ ಕಟ್ಟಿಕೊಂಡಿದ್ದೆ. ಒಂದು ಸಂಜೆ ಪಕ್ಕದ ದೋಣಿಯ ಹಿರಿಯರು ದಂಡೆಯಲ್ಲಿ ಎದುರಾದರು. “ಇವತ್ತು ರಾತ್ರಿ ಬಿಗಿಯುತ್ತದೆ ಅಂತ ಕಾಣುತ್ತದೆ. ನಲ್ಲಿಯ ಹತ್ತಿರ ಈಗ ಯಾರೂ ಇಲ್ಲ. ಅಂದ ಹಾಗೆ, ಪಬ್ಬಿನ ಅಡುಗೆಮನೆ ಎಂಟಕ್ಕೇ ಮುಚ್ಚುತ್ತದೆ” ಎಂದರು. ಸೌಜನ್ಯದ ಮಾತೆಂದುಕೊಂಡು ನಾನೂ “ಹೌದು, ತುಂಬ ಚಳಿ” ಎಂದು ನಕ್ಕು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಕಾಲುವೆ ಬೂದುಬಣ್ಣದ ಗಾಜಿನಂತೆ ಗಟ್ಟಿಯಾಗಿತ್ತು. ದಂಡೆಯ ನಲ್ಲಿ ಹೆಪ್ಪುಗಟ್ಟಿತ್ತು. ನನ್ನ ತೊಟ್ಟಿಯಲ್ಲಿ ಒಂದು ಕೊಡದಷ್ಟೂ ನೀರಿರಲಿಲ್ಲ. ದೋಣಿಯನ್ನು ಬೇರೆಡೆಗೆ ಒಯ್ಯುವಂತೆಯೂ ಇರಲಿಲ್ಲ. ಬ್ರಿಟನ್ನಿನಲ್ಲಿ ಅದು ನೂರು ವರ್ಷಗಳಲ್ಲೇ ಅತ್ಯಂತ ಚಳಿಯ ಡಿಸೆಂಬರ್ ಆಗಲಿತ್ತು, ಅದರ ಬಾಗಿಲಲ್ಲಿ ನಾನು ಬರಿಗೈಯಲ್ಲಿ ನಿಂತಿದ್ದೆ.

ಆಗ ಆ ಮಾತುಗಳ ಅರ್ಥ ಹೊಳೆಯಿತು. ನಾಳೆ ನಲ್ಲಿ ಇರುವುದಿಲ್ಲ, ಈಗ ಸರದಿಯೂ ಇಲ್ಲ, ಹೋಗಿ ತುಂಬಿಸಿಕೋ. ಅಡುಗೆ ಮಾಡಿಕೊಳ್ಳಲು ಹೊತ್ತು ಸಾಲದಿದ್ದರೆ ಎಂಟರೊಳಗೆ ಅಲ್ಲಿ ಬಿಸಿ ಊಟ ಸಿಗುತ್ತದೆ. ಮೂರೂ ಮಾತಿನಲ್ಲಿ ಅವರು ಹೇಳಿದ್ದು ಇದನ್ನೇ. ನಮ್ಮ ಕಡೆಯ ಹಿರಿಯರಾಗಿದ್ದರೆ “ಹೋಗಮ್ಮ, ಮೊದಲು ನೀರು ತುಂಬಿಸಿಕೋ” ಎಂದು ಗದರಿಯೇ ಕಳುಹಿಸುತ್ತಿದ್ದರು. ಇಲ್ಲಿನವರು ಕೇಳದವರಿಗೆ ಬುದ್ಧಿ ಹೇಳುವುದನ್ನು ಒರಟುತನವೆಂದು ಎಣಿಸುತ್ತಾರೆ. ಹೇಳಬೇಕಾದದ್ದನ್ನು ಹವೆಯ ಮಾತಿನೊಳಗಿಟ್ಟು ನಿಮ್ಮ ಮುಂದೆ ಇಡುತ್ತಾರೆ, ಎತ್ತಿಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು. ಆ ಬೆಳಿಗ್ಗೆ ಅದೇ ಹಿರಿಯರು ಎರಡು ಡಬ್ಬ ನೀರನ್ನು ನನ್ನ ದೋಣಿಯ ಮೂತಿಯ ಮೇಲಿಟ್ಟು, “ಇವತ್ತು ಬಿಸಿಲು ಬಂದರೂ ಬರಬಹುದು” ಎಂದು ಹೇಳಿ ಹೋದರು. ಹಿಂದಿನ ಸಂಜೆಯ ವಿಷಯವನ್ನು ಎತ್ತಲೇ ಇಲ್ಲ. ಆ ಒಳ್ಳೆಯತನ ನನಗೆ ಇಂದಿಗೂ ಮರೆತಿಲ್ಲ.

ಹಾಗಾಗಿ ಇಲ್ಲಿ ಕಲಿಯಬೇಕಾದ ಮೊದಲ ವಿದ್ಯೆ ಆ ಮಾತನ್ನು ಕೇಳಿಸಿಕೊಳ್ಳುವುದು. ‘ಬಿಟ್ ಫ್ರೆಶ್’ ಎಂದರೆ ಕಿವಿ ಮರಗಟ್ಟುವ ಚಳಿ. “ಮೇಲಿನ ಲಾಕ್ (ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಗೇಟುಗಳುಳ್ಳ ಕಟ್ಟೆ) ಬಳಿ ಸ್ವಲ್ಪ ಜಾರುತ್ತದೆ” ಎಂದರೆ ಯಾರೋ ಆಗಲೇ ಬಿದ್ದಿದ್ದಾರೆ. “ಕಲ್ಲಿದ್ದಲಿನ ದೋಣಿ ಗುರುವಾರ ಬರುತ್ತದಂತೆ” ಎಂದರೆ ನಿಮ್ಮ ಚಿಮಣಿಯಲ್ಲಿ ಹೊಗೆ ಇಲ್ಲದ್ದನ್ನು ಅವರು ಗಮನಿಸಿದ್ದಾರೆ. “ಆ ಪಬ್ಬಿನಲ್ಲಿ ಒಳ್ಳೆಯ ಬೆಂಕಿ ಇದೆ” ಎಂಬ ಮಾತನ್ನು ಊಟದ ಹೊಗಳಿಕೆಗಿಂತ ಹೆಚ್ಚು ಲಕ್ಷ್ಯ ಕೊಟ್ಟು ಕೇಳಿ. ಒಲೆ ಕೆಟ್ಟ ದಿನ ಮೂರು ಗಂಟೆ ಬೆಚ್ಚಗೆ ಕೂರುವ ಜಾಗ ಅದು.

ಇನ್ನು ಚಳಿಗಾಲದ ವಿಷಯ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ, ಸಂಜೆ ನಾಲ್ಕಕ್ಕೆ ಕತ್ತಲು. ಚಾವಣಿಯ ಮೇಲಿನ ಸೌರಫಲಕಗಳನ್ನು ನಂಬಿ ಕೂರಬೇಡಿ. ಬ್ಯಾಟರಿ ತುಂಬಲು ದಿನವೂ ಎಂಜಿನ್ ಓಡಿಸಬೇಕಾಗುತ್ತದೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ದೋಣಿ ಕಟ್ಟಿದ ಜಾಗದಲ್ಲಿ ಎಂಜಿನ್ ಓಡಿಸಬಾರದೆಂಬ ನಿಯಮವಿದೆ, ಆದ್ದರಿಂದ ಕಚೇರಿಯಿಂದ ತಡವಾಗಿ ಬರುವವರಿಗೆ ಇದು ನಿಜವಾದ ತೊಡಕು.

ಒಲೆಯೇ ದೋಣಿಯ ಜೀವ. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ಹೊಗೆ ಕಾರುವ ಮನೆಬಳಕೆಯ ಕಲ್ಲಿದ್ದಲನ್ನು ಚೀಲದಲ್ಲಿ ಮಾರುವಂತಿಲ್ಲ. ಹೊಗೆರಹಿತ ಇಂಧನದ ಉಂಡೆಗಳನ್ನು ಕೊಳ್ಳಬೇಕು. ರಾತ್ರಿ ಒಲೆಯ ಗಾಳಿಕಿಂಡಿಯನ್ನು ತಗ್ಗಿಸಿ ಬೆಂಕಿಯನ್ನು ಬೂದಿ ಮುಚ್ಚಿದ ಕೆಂಡವಾಗಿ ಉಳಿಸಿಕೊಳ್ಳುವುದನ್ನು ಕಲಿತರೆ ಬೆಳಿಗ್ಗೆ ಹೊಸದಾಗಿ ಹೊತ್ತಿಸುವ ಕಷ್ಟವಿಲ್ಲ. ಒಂದು ವಾರದ ಅಭ್ಯಾಸ ಸಾಕು. ಅಡುಗೆಯ ಗ್ಯಾಸ್ ನೀಲಿ ಸಿಲಿಂಡರಿನದಾಗಿದ್ದರೆ ಅದರೊಳಗಿರುವುದು ಬ್ಯೂಟೇನ್. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅದು ಅನಿಲವಾಗುವುದೇ ಇಲ್ಲ. ಸಿಲಿಂಡರ್ ತುಂಬಿದ್ದರೂ ಚಹಾ ಕಾಯುವುದಿಲ್ಲ. ಕೆಂಪು ಸಿಲಿಂಡರಿನ ಪ್ರೊಪೇನ್ ಎಂಥ ಚಳಿಯಲ್ಲೂ ಉರಿಯುತ್ತದೆ, ಅದನ್ನೇ ತರಿಸಿಕೊಳ್ಳಿ.

ಒಂದು ಮಾತನ್ನು ನಾನು ಯಾರಿಗೇ ಆದರೂ ಸುತ್ತುಬಳಸಿ ಹೇಳುವುದಿಲ್ಲ, ನಿಮಗೂ ನೇರವಾಗಿ ಹೇಳುತ್ತೇನೆ. ಚಳಿ ಬರುತ್ತದೆಂದು ದೋಣಿಯ ಗಾಳಿಕಿಂಡಿಗಳಿಗೆ ಬಟ್ಟೆ ತುರುಕಬೇಡಿ. ಹೊಸಬರು ಮಾಡುವ ಅತಿ ಅಪಾಯದ ಕೆಲಸ ಅದು. ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ಸೋರಿದರೆ ಬಣ್ಣವಿಲ್ಲ, ವಾಸನೆಯಿಲ್ಲ; ತಲೆನೋವು, ಓಕರಿಕೆ, ಮಂಪರು, ಅಷ್ಟೇ. 2019ರ ಏಪ್ರಿಲ್‌ನಿಂದ ಮಲಗುವ ವ್ಯವಸ್ಥೆ ಇರುವ ಇಂಥ ದೋಣಿಗಳಲ್ಲಿ ಅದರ ಅಲಾರಂ ಕಡ್ಡಾಯ. ನಾಲ್ಕು ವರ್ಷಕ್ಕೊಮ್ಮೆ ಆಗುವ ಸುರಕ್ಷತಾ ತಪಾಸಣೆಯಲ್ಲಿ ನೋಡುತ್ತಾರೆ, ಆದರೆ ಅದರ ಗುಂಡಿಯನ್ನು ವಾರಕ್ಕೊಮ್ಮೆ ನೀವೇ ಒತ್ತಿ ನೋಡಬೇಕು. ಕಿಟಕಿಗಳ ಒಳಮೈಯಲ್ಲಿ ನೀರು ಇಳಿಯುತ್ತದೆ, ಹಾಸಿಗೆಯ ಅಡಿ ಬೂಷ್ಟು ಹಿಡಿಯುತ್ತದೆ. ಅದಕ್ಕೂ ಮದ್ದು ಗಾಳಿಯೇ.

ಕಾಲುವೆ ತೆಳ್ಳಗೆ ಹೆಪ್ಪುಗಟ್ಟಿದಾಗ ಅದನ್ನು ಒಡೆದುಕೊಂಡು ದೋಣಿ ನಡೆಸುವ ಆಸೆ ಬರುತ್ತದೆ. ಬೇಡ. ನಿಮ್ಮ ದೋಣಿಯ ತಳಕ್ಕೆ ಬಳಿದ ಕಪ್ಪು ಲೇಪ ನೀರಿನ ಮಟ್ಟದಲ್ಲಿ ಕೆರೆದುಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಪಕ್ಕದಲ್ಲಿ ಕಟ್ಟಿರುವ ಫೈಬರ್‌ಗ್ಲಾಸ್ ದೋಣಿಯ ಮೈಯನ್ನು ಆ ಮಂಜುಗಡ್ಡೆಯ ಚೂರುಗಳು ಕೊಯ್ಯುತ್ತವೆ.

ನಿಯಮಗಳ ವಿಷಯದಲ್ಲಿ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2000 ಮೈಲಿ ಜಲಮಾರ್ಗಗಳನ್ನು 2012ರಿಂದ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಖಾಯಂ ಜಾಗವಿಲ್ಲದ ದೋಣಿ, 1995ರ ಕಾಯಿದೆಯ ಪ್ರಕಾರ, ಒಂದು ಕಡೆ 14 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಅಂಥ ದೋಣಿಗಳಿಗೆ 2024ರ ಏಪ್ರಿಲ್‌ನಿಂದ ಪರವಾನಗಿಯ ಮೇಲೆ ಹೆಚ್ಚುವರಿ ಶುಲ್ಕವೂ ಬಂದಿದೆ. ಚಳಿಗಾಲಕ್ಕೆ ಮಾತ್ರ ಒಂದೆಡೆ ನಿಲ್ಲಲು ಟ್ರಸ್ಟ್ ಜಾಗಗಳನ್ನು ಮಾರುತ್ತದೆ. ಮೊದಲ ವರ್ಷ ಹಣ ಕೊಟ್ಟು ಅಂಥದ್ದೊಂದನ್ನು ತೆಗೆದುಕೊಳ್ಳುವುದೇ ಜಾಣತನ. ನವೆಂಬರಿನಿಂದ ಮಾರ್ಚ್‌ವರೆಗೆ ಲಾಕ್‌ಗಳನ್ನು ಮುಚ್ಚಿ ದುರಸ್ತಿ ಮಾಡುತ್ತಾರೆ. ಯಾವುದು ಎಂದು ಮುಚ್ಚುತ್ತದೆಂಬ ಪಟ್ಟಿ ಮೊದಲೇ ಬರುತ್ತದೆ. ಮುಚ್ಚುವ ಲಾಕ್‌ನ ಯಾವ ಬದಿಯಲ್ಲಿ ನಲ್ಲಿ, ಇಂಧನ, ಊಟ ಇವೆಯೋ ಆ ಬದಿಗೆ ಮೊದಲೇ ದಾಟಿಕೊಂಡಿರಿ. ನಿಮ್ಮ ವೀಸಾವನ್ನು ಪ್ರಾಯೋಜಿಸಿರುವ ಕಚೇರಿ ನಿಮ್ಮ ವಾಸದ ವಿವರವನ್ನು ದಾಖಲೆಯಲ್ಲಿ ಇಟ್ಟಿರಬೇಕು, ಆದ್ದರಿಂದ ದೋಣಿ ಕೊಳ್ಳುವ ಮುಂಚೆಯೇ ಅವರೊಡನೆ ಮಾತನಾಡಿ. ವೈದ್ಯರಲ್ಲಿ ನೋಂದಾಯಿಸಲು ವಿಳಾಸದ ಪುರಾವೆ ಬೇಕಿಲ್ಲ. ಎಲ್ಲಾದರೂ ಕೇಳಿದರೆ ಅಳುಕದೆ ಅದನ್ನು ಹೇಳಿ.

ಈಗ ಊಟ, ನನಗೆ ಪ್ರಿಯವಾದ ಭಾಗ.

ಕಾಲುವೆಬದಿಯ ಪಬ್ಬುಗಳು ಬೇಸಿಗೆಯಲ್ಲಿ ತುಂಬಿ ತುಳುಕುತ್ತವೆ, ಚಳಿಗಾಲದಲ್ಲಿ ಎಷ್ಟೋ ಕಡೆ ಸೋಮವಾರ ಮಂಗಳವಾರ ಬಾಗಿಲೇ ತೆಗೆಯುವುದಿಲ್ಲ. ತೆಗೆದರೂ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ಅಡುಗೆಮನೆ ತಣ್ಣಗಿರಬಹುದು. ಮೂರು ಮೈಲಿ ನಡೆದು ಹೋಗಿ ಒಂದು ಪೊಟ್ಟಣ ಕಡಲೆಕಾಯಿ ತಿಂದು ಬಂದ ಸಂಜೆಗಳು ನನ್ನ ಲೆಕ್ಕದಲ್ಲಿ ಬೇಕಾದಷ್ಟಿವೆ. ಹೋಗುವ ಮುಂಚೆ ಫೋನ್ ಮಾಡಿ. ಅದಕ್ಕಿಂತ ಒಳ್ಳೆಯದು, ನೆರೆದೋಣಿಯವರನ್ನು ಕೇಳಿ. ಹೊಸ ಅಡುಗೆಯವರು ಬಂದಿದ್ದಾರೆಯೇ, ಭಾನುವಾರದ ಊಟ ಎಷ್ಟು ಹೊತ್ತಿಗೆ ತೀರಿಹೋಗುತ್ತದೆ, ಒದ್ದೆ ಬೂಟಿನವರನ್ನೂ ನಾಯಿಯನ್ನೂ ಒಳಗೆ ಬಿಡುತ್ತಾರೆಯೇ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿರುತ್ತದೆ.

ಸಸ್ಯಾಹಾರಿಗೆ ಈಗ ಹೆಚ್ಚಿನ ಕಡೆ ಒಂದೆರಡು ಬಗೆ ಸಿಗುತ್ತವೆ. ಭಾನುವಾರದ ರೋಸ್ಟ್ ಊಟದಲ್ಲಿ ಮಾಂಸದ ಬದಲು ಬೀಜಗಳನ್ನು ಅರೆದು ಬೇಯಿಸಿದ ನಟ್ ರೋಸ್ಟ್ ಕೊಡುತ್ತಾರೆ, ಬೇಯಿಸಿದ ತರಕಾರಿಗಳೊಂದಿಗೆ ಚಳಿಗೆ ಅದು ಹಿತವಾಗಿರುತ್ತದೆ. ಮೇಲೆ ಸುರಿಯುವ ಗ್ರೇವಿ ಮಾಂಸದ ರಸದಿಂದ ಮಾಡಿದ್ದೋ ಹೇಗೆ ಎಂದು ಕೇಳಿಕೊಳ್ಳಿ. ಆಲೂಗಡ್ಡೆಯ ಚಿಪ್ಸ್ ನಿರುಪದ್ರವಿ ಎಂದುಕೊಳ್ಳಬೇಡಿ. ಯಾರ್ಕ್‌ಷೈರ್ ಮೊದಲಾದ ಉತ್ತರದ ಕಡೆಗಳಲ್ಲಿ ಅವುಗಳನ್ನು ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಬಹಳ. ಕೇಳಿದರೆ ಯಾರೂ ಬೇಸರಿಸುವುದಿಲ್ಲ, ನೇರವಾಗಿ ಹೇಳುತ್ತಾರೆ.

ಆದರೆ ಕನ್ನಡದ ನಾಲಗೆಗೆ ಗ್ರ್ಯಾಂಡ್ ಯೂನಿಯನ್ ಇಟ್ಟಿರುವ ಉಡುಗೊರೆ ಬೇರೆ. ಪಶ್ಚಿಮ ಲಂಡನ್ನಿನ ಬುಲ್ಸ್ ಬ್ರಿಜ್ ಎಂಬಲ್ಲಿ ಈ ಕಾಲುವೆಯಿಂದ ಪ್ಯಾಡಿಂಗ್ಟನ್ ಕವಲು ಒಡೆಯುತ್ತದೆ. ಅದರ ಪಕ್ಕದಲ್ಲೇ ಸೌತ್‌ಹಾಲ್, ಪಂಜಾಬಿಗಳ ಊರು. ತಂದೂರಿನಿಂದ ಆಗಷ್ಟೇ ಇಳಿದ ರೊಟ್ಟಿ, ಬಿಸಿ ಜಿಲೇಬಿ. ಅಲ್ಲಿಂದ ಪ್ಯಾಡಿಂಗ್ಟನ್ನಿನವರೆಗೆ ಒಂದೇ ಒಂದು ಲಾಕ್ ಇಲ್ಲ, ಹೊಸಬರ ಕೈಗೆ ಹೇಳಿ ಮಾಡಿಸಿದ ದಾರಿ. ನಡುವೆ ಅಲ್ಪರ್ಟನ್ ಬಳಿ ಈಲಿಂಗ್ ರೋಡ್ ಕಾಲುವೆಯನ್ನು ದಾಟುತ್ತದೆ. ದೋಣಿ ಕಟ್ಟಿ ಮೇಲೆ ಹತ್ತಿದರೆ ಗುಜರಾತಿಗಳ ಸಸ್ಯಾಹಾರಿ ಹೋಟೆಲುಗಳು, ತಮಿಳರ ದೋಸೆ, ಕರಿಬೇವು, ನುಗ್ಗೆಕಾಯಿ. ಉತ್ತರಕ್ಕೆ ಹೋದರೆ ಲೆಸ್ಟರ್; ಅಲ್ಲಿನ ಬೆಲ್‌ಗ್ರೇವ್ ರೋಡಿನಲ್ಲಿ ಸಸ್ಯಾಹಾರಿ ಊಟಕ್ಕೆ ಕೊರತೆಯೇ ಇಲ್ಲ. ಆದರೆ ಲೆಸ್ಟರ್ ಹತ್ತಿರ ಕಾಲುವೆ ಸೋರ್ ನದಿಯನ್ನು ಸೇರುತ್ತದೆ, ಮಳೆಯ ವಾರಗಳಲ್ಲಿ ಆ ನದಿ ಬೇಗ ಏರುತ್ತದೆ. ಊಟ ಎಷ್ಟೇ ಚೆನ್ನಾಗಿರಲಿ, ಜನವರಿಯಲ್ಲಿ ದೋಣಿಯನ್ನು ಕಾಲುವೆಯಲ್ಲೇ ಬಿಟ್ಟು ರೈಲಿನಲ್ಲಿ ಹೋಗಿ ಬನ್ನಿ.

ಸೌತ್‌ಹಾಲ್ ಹೆಸರು ಬಂದದ್ದಕ್ಕೆ ಇದನ್ನೂ ಹೇಳಬೇಕು. 1962–63ರ ಚಳಿಗಾಲದಲ್ಲಿ ವಾರಗಟ್ಟಲೆ ಕಾಲುವೆಗಳು ಹೆಪ್ಪುಗಟ್ಟಿ ಸರಕಿನ ದೋಣಿಗಳು ನಿಂತಲ್ಲೇ ಸಿಕ್ಕಿಕೊಂಡವು, ಮೊದಲೇ ಸೊರಗಿದ್ದ ಆ ವ್ಯಾಪಾರ ಮತ್ತೆ ಚೇತರಿಸಿಕೊಳ್ಳಲಿಲ್ಲ. ಕೊನೆಯವರೆಗೆ ಉಳಿದ ದೂರಸಾಗಾಟಗಳಲ್ಲಿ ಒಂದು ವಾರ್ವಿಕ್‌ಷೈರಿನ ಆಥರ್‌ಸ್ಟನ್‌ನಿಂದ ಸೌತ್‌ಹಾಲಿನ ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ಹೊರುವುದು. ಅದು 1970ರಲ್ಲಿ ನಿಂತಿತು. ಹಾಗೆ ಸಂಸಾರಸಮೇತ ದೋಣಿಯಲ್ಲೇ ದುಡಿದವರಿಗೆ ಮುಂದಿನ ಲಾಕ್‌ನ ಸುದ್ದಿ, ಮಂಜಿನ ಸುದ್ದಿ, ಬಿಸಿ ಊಟದ ಸುದ್ದಿ ಎಲ್ಲವೂ ಎದುರು ಬರುವ ದೋಣಿಯಿಂದಲೇ ಸಿಗಬೇಕಿತ್ತು. ದಂಡೆಯಲ್ಲಿ ನಿಮಗೆ ಬೇಸರ ತರಿಸಿದ ಮಾತಿನ ರೂಢಿ ಅವರಿಂದ ಬಂದದ್ದೆಂದೇ ನನ್ನ ನಂಬಿಕೆ.

ಪಬ್ಬಿನಿಂದ ರಾತ್ರಿ ಮರಳುವಾಗ ಟಾರ್ಚ್ ಇರಲಿ, ಕೈಗಳು ಜೇಬಿನ ಹೊರಗಿರಲಿ, ಲಾಕ್‌ನ ಗೇಟಿನ ಮೇಲಿನ ಹಲಗೆಯನ್ನು ಅಡ್ಡದಾರಿ ಮಾಡಿಕೊಳ್ಳಬೇಡಿ. ಮೂವರು ಕೂಡಿ ಹೋಗಿದ್ದರೆ ಮೂವರೂ ಒಳಗೆ ಸೇರಿ ದೀಪ ಹಚ್ಚಿದ್ದನ್ನು ನೋಡಿಯೇ ಮಲಗುವ ಪದ್ಧತಿ ನಮ್ಮಲ್ಲಿದೆ.

ದೋಣಿಯನ್ನು ಈ ತಿಂಗಳೇ ಕೊಳ್ಳಬೇಡಿ. ಮೊದಲು ಚಳಿಯಲ್ಲಿ ಕೆಲವು ದಿನ ಇದ್ದು ನೋಡಿ. ಮುಂದಿನ ಎರಡು ವಾರ ನನ್ನ ದೋಣಿ ಅಲ್ಪರ್ಟನ್ ಕಡೆ ಇರುತ್ತದೆ, ಒಂದು ಶನಿವಾರ ಮಧ್ಯಾಹ್ನ ಬನ್ನಿ. ಒಲೆ ಹೊತ್ತಿಸುವುದನ್ನೂ ಕೆಂಡ ಮುಚ್ಚುವುದನ್ನೂ ನಿಮ್ಮ ಕೈಯಿಂದಲೇ ಮಾಡಿಸುತ್ತೇನೆ, ಆಮೇಲೆ ಈಲಿಂಗ್ ರೋಡಿಗೆ ಹೋಗಿ ದೋಸೆ ತಿನ್ನೋಣ. ಸೇತುವೆಯಿಂದ ಇಳಿದು ದಂಡೆಯಲ್ಲಿ ನಡೆದು ಬರುವಾಗ ಯಾರಾದರೂ ಹವೆಯ ಮಾತು ತೆಗೆದರೆ ಅವಸರ ಮಾಡದೆ ನಿಂತು ಕೇಳಿ, ಅವರು ಏನೆಂದರೆಂಬುದನ್ನು ನೆನಪಿಟ್ಟುಕೊಂಡು ಬಂದು ನನಗೂ ಹೇಳಿ. ಅಲ್ಲಿನ ನಲ್ಲಿಗೆ ನಾನಿನ್ನೂ ನೀರಿಗೆ ಹೋಗಿರುವುದಿಲ್ಲ.