ಸರಿಯಾದ ಇಂಗ್ಲಿಷ್ ಯಾವುದು?

ನಿಮ್ಮ ಪತ್ರ ತಲುಪಿತು. ಇಂಗ್ಲಿಷ್ ದಿನಪತ್ರಿಕೆಯನ್ನು ಸಲೀಸಾಗಿ ಓದುವ ನಿಮಗೆ ಬಾಡಿಗೆ ಕರಾರಿನ ಎರಡು ಪುಟ ತಲೆಗೆ ಹತ್ತಲಿಲ್ಲ. ಮಗಳ ಸಂಶೋಧನಾ ಪ್ರಬಂಧ ತಿದ್ದಲು ಕೂತು ‘ದ ಸ್ಯಾಂಪಲ್ಸ್ ವರ್ ಹೀಟೆಡ್’ ಎಂಬಂಥ ವಾಕ್ಯಗಳನ್ನೆಲ್ಲ ‘ವಿ ಹೀಟೆಡ್ ದ ಸ್ಯಾಂಪಲ್ಸ್’ ಎಂದು ಬದಲಿಸಿದಿರಿ. ಅವಳು ಎಲ್ಲವನ್ನೂ ಮೊದಲಿನಂತೆಯೇ ಮಾಡಿಟ್ಟಳು. ‘ಇಷ್ಟು ಬಗೆಯ ಇಂಗ್ಲಿಷಿನಲ್ಲಿ ಸರಿಯಾದದ್ದು ಯಾವುದು? ಉಳಿದವರಿಗೆ ನೆಟ್ಟಗೆ ಬರೆಯಲು ಏನು ಧಾಡಿ?’ ಎಂದು ಕೇಳಿದ್ದೀರಿ. ಪ್ರಶ್ನೆಯ ಖಾರ ಹಿಡಿಸಿತು. ಆದರೆ ನಿಮ್ಮ ಸಿಟ್ಟಿನಲ್ಲಿ ಅರ್ಧವನ್ನಷ್ಟೇ ಒಪ್ಪುತ್ತೇನೆ.

ಕರಾರನ್ನು ಬರೆಯುವವರು ನಿಮ್ಮಂಥ ಸಜ್ಜನ ಓದುಗರನ್ನು ಕಣ್ಣ ಮುಂದೆ ಇಟ್ಟುಕೊಂಡಿರುವುದಿಲ್ಲ. ಮುಂದೊಂದು ದಿನ ಜಗಳವಾದಾಗ, ಬೇಕೆಂದೇ ತಪ್ಪು ಅರ್ಥ ಹುಡುಕಲು ಕೂರುವ ಎದುರಾಳಿಗಾಗಿ ಅವರು ಬರೆಯುತ್ತಾರೆ. ‘ದ ಟೆನೆಂಟ್’ ಎಂಬುದು ಒಂದೇ ಪ್ಯಾರಾದಲ್ಲಿ ಐದಾರು ಸಲ ಬಂದಿರುತ್ತದೆ. ಒಂದು ಕಡೆ ‘ಹಿ’ ಎಂದುಬಿಟ್ಟರೆ ಅದು ಬಾಡಿಗೆದಾರನೋ ಮಾಲೀಕನೋ ಎಂಬ ವಾದಕ್ಕೆ ಬಾಗಿಲು ತೆರೆದಂತೆ. ಕತೆಗಾರರು ಒಂದೇ ಪದ ಮತ್ತೆ ಮತ್ತೆ ಬಂದರೆ ಬೇರೆ ಪದ ಹುಡುಕುತ್ತಾರೆ. ಕರಾರಿನಲ್ಲಿ ಆ ಚಂದ ನಡೆಯದು: ಮೊದಲ ಪುಟದಲ್ಲಿ ‘ಪ್ರೆಮಿಸಸ್’ ಎಂದು ನಾಲ್ಕನೆಯ ಪುಟದಲ್ಲಿ ‘ಬಿಲ್ಡಿಂಗ್’ ಎಂದರೆ, ಎರಡೂ ಬೇರೆ ಬೇರೆ ಎಂದು ವಕೀಲರು ವಾದಿಸಬಹುದು. ಶಾಲೆಯಲ್ಲಿ ಕೆಂಪು ಶಾಯಿ ಬೀಳುವ ಪುನರುಕ್ತಿಯೇ ಇಲ್ಲಿ ಕಾವಲು.

ನಿಮ್ಮ ಸಿಟ್ಟು ನ್ಯಾಯವಾಗುವುದು ಕರಾರಿನಲ್ಲಿ ಬರುವ, ಹೆಚ್ಚುಕಡಿಮೆ ಒಂದೇ ಅರ್ಥದ ಜೋಡಿಪದಗಳ ವಿಷಯದಲ್ಲಿ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಆಳುವವರ ಭಾಷೆಯಾಯಿತು, ಕ್ರಮೇಣ ನ್ಯಾಯಾಲಯಕ್ಕೂ ಬಂತು. ದಾಖಲೆಗಳು ಲ್ಯಾಟಿನ್ನಿನಲ್ಲಿದ್ದವು, ಜನ ಮಾತಾಡುತ್ತಿದ್ದದ್ದು ಇಂಗ್ಲಿಷ್. ವಾದವನ್ನು ಇಂಗ್ಲಿಷಿನಲ್ಲೇ ನಡೆಸಬೇಕೆಂಬ ಕಾಯಿದೆ 1362ರಲ್ಲೇ ಬಂದರೂ ಕೋರ್ಟಿನ ಬರವಣಿಗೆಯಿಂದ ಲ್ಯಾಟಿನ್, ಫ್ರೆಂಚ್‌ಗಳನ್ನು ಹೊರಹಾಕುವ ಕಾಯಿದೆಗೆ 18ನೆಯ ಶತಮಾನದವರೆಗೆ ಕಾಯಬೇಕಾಯಿತು. ‘ವಿಲ್ ಆ್ಯಂಡ್ ಟೆಸ್ಟಮೆಂಟ್’, ‘ಗುಡ್ಸ್ ಆ್ಯಂಡ್ ಚ್ಯಾಟಲ್ಸ್’ ಮುಂತಾದ ಜೋಡಿಗಳಲ್ಲಿ ಒಂದು ಊರಿನ ಪದ, ಇನ್ನೊಂದು ಹೊರಗಿನಿಂದ ಬಂದದ್ದು. ಹೆಚ್ಚಿನ ಕಡೆ ಒಂದೇ ಸಾಕು. ಹಳೆಯ ನಮೂನೆಯನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲದೆ ಉಳಿದುಕೊಂಡ ಕಸ ಅದು.

ಇದಕ್ಕೆ ಪೂರ್ತಿ ಉಲ್ಟಾ ಆದ ಇನ್ನೊಂದು ಇಂಗ್ಲಿಷ್ ಇದೆ, ನನಗೆ ಬಹಳ ಇಷ್ಟವಾದದ್ದು. ಬ್ರಿಟನ್ನಿನ ಹವಾಮಾನ ಇಲಾಖೆ ಹಡಗಿನವರಿಗಾಗಿ ಸಿದ್ಧಪಡಿಸಿ, ಬಿಬಿಸಿ ರೇಡಿಯೊ ಓದಿ ಹೇಳುವ ಸಮುದ್ರ ಮುನ್ಸೂಚನೆ. ‘ಸೌತ್‌ವೆಸ್ಟರ್ಲಿ ಫೈವ್ ಟು ಸೆವೆನ್. ಮಾಡರೇಟ್ ಆರ್ ರಫ್. ರೇನ್ ಲೇಟರ್. ಗುಡ್.’ ಇಷ್ಟೇ. ಒಂದು ಕ್ರಿಯಾಪದವೂ ಇಲ್ಲ. ಹೊಸಬರಿಗೆ ಮಳೆ ಬರುವುದೇ ‘ಗುಡ್’ ಎಂದು ಕೇಳಿಸೀತು! ಆದರೆ ಕ್ರಮ ಗೊತ್ತಿದ್ದವರಿಗೆ ಗೊಂದಲವೇ ಇಲ್ಲ: ಮೊದಲು ಗಾಳಿಯ ದಿಕ್ಕು ಮತ್ತು ಬಲದ ಅಂಕಿ, ಆಮೇಲೆ ಅಲೆ, ಆಮೇಲೆ ಹವೆ, ಕೊನೆಗೆ ಎಷ್ಟು ದೂರ ಕಾಣಿಸುತ್ತದೆ ಎಂಬುದು. ‘ಗುಡ್’ ಎಂದರೆ 5 ನಾಟಿಕಲ್ ಮೈಲಿಗಿಂತ ಹೆಚ್ಚು ದೂರ. ಬಿರುಗಾಳಿಯ ಎಚ್ಚರಿಕೆಯಲ್ಲಿ ‘ಇಮಿನೆಂಟ್’ ಎಂದರೆ 6 ಗಂಟೆಯೊಳಗೆ, ‘ಸೂನ್’ ಎಂದರೆ 6ರಿಂದ 12 ಗಂಟೆ, ‘ಲೇಟರ್’ ಎಂದರೆ 12 ಗಂಟೆ ಕಳೆದ ಮೇಲೆ. ನಾವು ನೀವು ‘ಆಮೇಲೆ ಬರ್ತೀನಿ’ ಎಂದು ಸಡಿಲವಾಗಿ ಬಳಸುವ ಮಾತಿಗೆ ಅಲ್ಲಿ ಗಡಿಯಾರ ಕಟ್ಟಿದ್ದಾರೆ. ತೂಗಾಡುವ ದೋಣಿಯಲ್ಲಿ ಪೆನ್ಸಿಲ್ ಹಿಡಿದು ಬರೆದುಕೊಳ್ಳುವವನು ‘ಇನ್ನೊಮ್ಮೆ ಹೇಳಿ’ ಎಂದು ರೇಡಿಯೊವನ್ನು ಕೇಳುವ ಹಾಗಿಲ್ಲವಲ್ಲ.

ಪತ್ರಿಕೆಯ ತಲೆಬರಹದ್ದೂ ಮಿತವ್ಯಯವೇ. ‘ಮಿನಿಸ್ಟರ್ ಟು ರಿಸೈನ್’ ಎಂದರೆ ನಾಳೆ, ‘ಮಿನಿಸ್ಟರ್ ರಿಸೈನ್ಸ್’ ಎಂದರೆ ನಿನ್ನೆಯೇ ಆಗಿಹೋದದ್ದು. ದಿನವೂ ಓದಿ ನಿಮಗೆ ರೂಢಿಯಾಗಿದೆ, ಅದಕ್ಕೇ ಅದು ಸುಲಭ ಎನಿಸಿದೆ. ವ್ಯಾಕರಣ ಪುಸ್ತಕದ ಕಣ್ಣಿಗೆ ಅದೂ ವಕ್ರವೇ.

ಇವನ್ನೆಲ್ಲ ‘ಮಾತು’, ‘ಬರಹ’ ಎಂದು ಎರಡು ರಾಶಿ ಮಾಡಿದರೆ ಸಾಲದೇ ಎಂದೂ ಕೇಳಿದ್ದೀರಿ. ಸಾಲದು. ಭಾಷಾವಿಜ್ಞಾನಿ ಡಗ್ಲಸ್ ಬೈಬರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 23 ಬಗೆಯ ಇಂಗ್ಲಿಷ್ ಮಾತು-ಬರಹಗಳನ್ನು ತೆಗೆದುಕೊಂಡು, ಸರ್ವನಾಮ, ನಾಮಪದ, ಕರ್ಮಣಿ ಪ್ರಯೋಗ ಹೀಗೆ 67 ಲಕ್ಷಣಗಳನ್ನು ಎಣಿಸಿ ನೋಡಿದರು. ಆಪ್ತರಿಗೆ ಬರೆದ ಕಾಗದ ಬರಹವಾದರೂ ಹರಟೆಯ ಹತ್ತಿರ ಬಂದು ಕೂತಿತು. ರೇಡಿಯೊ ಪ್ರಸಾರ ಮಾತೇ ಆದರೂ ಬರಹದ ಕಡೆಗೆ ವಾಲಿತು. ಬಾಯಿಂದ ಬಂತೋ ಕೈಯಿಂದ ಬಂತೋ ಎಂಬುದೊಂದೇ ಲೆಕ್ಕಕ್ಕೆ ಸಾಲುವುದಿಲ್ಲ. ಎದುರಿನವರು ಎಷ್ಟು ಹತ್ತಿರದವರು, ಏನು ಮುಟ್ಟಿಸಬೇಕು, ಎಷ್ಟು ಪುರುಸೊತ್ತಿದೆ ಎಂಬುದೂ ಸೇರುತ್ತದೆ.

ಇನ್ನು ಮಗಳ ಪ್ರಬಂಧ. ವಿಜ್ಞಾನದಲ್ಲಿ ‘ನಾನು’ ಎನ್ನಬಾರದೆಂಬುದು ಸನಾತನ ನಿಯಮವೇನಲ್ಲ. ನ್ಯೂಟನ್ 1704ರ ‘ಆಪ್ಟಿಕ್ಸ್’ನಲ್ಲಿ, ಕತ್ತಲ ಕೋಣೆಯ ಕಿಟಕಿಯ ತೂತಿನ ಬಳಿ ಪ್ರಿಸಂ ಇಟ್ಟವನು ತಾನೇ ಎಂದು ಧಾರಾಳವಾಗಿ ಬರೆದುಕೊಂಡಿದ್ದಾನೆ. ಇಂದಿನ ಎಷ್ಟೋ ವಿಜ್ಞಾನ ಪತ್ರಿಕೆಗಳಲ್ಲಿ ‘ವಿ’ ಸಾಮಾನ್ಯ. ಹಾಗಿದ್ದೂ ಪ್ರಯೋಗದ ವಿಧಾನ ಹೇಳುವ ಭಾಗದಲ್ಲಿ ಮಗಳೇ ಗೆದ್ದಳು. ಅಲ್ಲಿ ಓದುಗರಿಗೆ ಬೇಕಾದದ್ದು ಸ್ಯಾಂಪಲ್ಲನ್ನು ಎಷ್ಟು ಡಿಗ್ರಿಗೆ, ಎಷ್ಟು ಹೊತ್ತು ಕಾಯಿಸಿದರು ಎಂಬುದು; ಕಾಯಿಸಿದವರು ಯಾರೆಂದು ಗೊತ್ತೇ ಇದೆ. ಚರ್ಚೆಯ ಭಾಗದಲ್ಲಿ ‘ಇಟ್ ಈಸ್ ಬಿಲೀವ್ಡ್’ ಎಂದೇನಾದರೂ ಇದ್ದರೆ ಮಾತ್ರ ನಿಮ್ಮ ಪೆನ್ನು ಕೆಳಗಿಡಬೇಡಿ. ನಂಬಿದವರು ಯಾರು, ಇವಳೋ, ಹಿಂದಿನ ಸಂಶೋಧಕರೋ? ಅಲ್ಲಿ ಹೆಸರು ಮುಚ್ಚಿಟ್ಟರೆ ಹೊಣೆ ತಪ್ಪಿಸಿಕೊಂಡಂತೆ.

ಕರಾರಿನ ಅರ್ಥವಿವರಣೆಯ ಭಾಗವನ್ನು ಮೊದಲು ಓದಿ. ಆಮೇಲೆ ‘ದ ಟೆನೆಂಟ್ ಶಾಲ್’ ಎಂದಿರುವ ಸಾಲುಗಳಿಗೆಲ್ಲ ಗೆರೆ ಎಳೆಯಿರಿ, ಅವು ನಿಮ್ಮ ತಲೆಗೆ ಬರುವ ಕೆಲಸಗಳು. ‘ಪ್ರೊವೈಡೆಡ್ ದಟ್’ ಕಂಡಲ್ಲಿ ನಿಲ್ಲಿ. ಮೇಲೆ ಕೊಟ್ಟದ್ದನ್ನು ಸಾಮಾನ್ಯವಾಗಿ ವಾಪಸು ಕಿತ್ತುಕೊಳ್ಳುವುದು ಅಲ್ಲೇ. ಅಷ್ಟಾದರೂ ತಿಳಿಯದಿದ್ದರೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ.

— ಸಂಪಾದಕ