ಪ್ರತಿಕ್ರಿಯೆ: ಅಗರ್ ಮರಕ್ಕೆ ತೂತು ಕೊರೆದರೆ ಸಾಕಾ, ಶಿಲೀಂಧ್ರವೂ ಬೇಕಾ?

ಅಡಿಕೆ ತೋಟದ ನಡುವಿನ ಅಗರ್ ಮರಗಳಿಗೆ ಬರೀ ಡ್ರಿಲ್ ಹಾಕಿದರೆ ಪರಿಮಳದ ರಾಳ ಬರುತ್ತಾ, ಶಿಲೀಂಧ್ರದ ದ್ರಾವಣವನ್ನೂ ಹಾಕಿಸಬೇಕಾ ಅಂತ ಕೇಳಿದ್ದೀರಿ.

ಮೊದಲು ಒಂದು ಮಾತು: ರಾಳ ಮಾಡುವುದು ಶಿಲೀಂಧ್ರವಲ್ಲ, ಮರವೇ. ಈ ಜಾತಿಯಲ್ಲಿ ಫ್ಲೋಯಮ್ (ಎಲೆಯಲ್ಲಿ ತಯಾರಾದ ಆಹಾರ ಸಾಗಿಸುವ ಅಂಗಾಂಶ) ತೊಗಟೆಯ ಕೆಳಗಷ್ಟೇ ಇರದೆ ಕಟ್ಟಿಗೆಯೊಳಗೂ ಚುಕ್ಕೆ ಚುಕ್ಕೆಯಾಗಿ ಹರಡಿರುತ್ತದೆ. ಗಾಯವಾದಾಗ ಅಲ್ಲಿನ ಜೀವಂತ ಕೋಶಗಳು ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಸೆಸ್ಕ್ವಿಟರ್ಪೀನ್, ಕ್ರೋಮೋನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತವೆ. ರಾಳ ಅಂದರೆ ಇವೇ, ಪರಿಮಳವೂ ಇವುಗಳದ್ದೇ.

ಹಾಗಾದರೆ ತೂತೊಂದೇ ಸಾಲದೇ? ರಾಳವೇನೋ ಬರುತ್ತದೆ, ಆದರೆ ಸಾಮಾನ್ಯವಾಗಿ ತೂತಿನ ಸುತ್ತ ತೆಳುವಾಗಿ ಮಾತ್ರ. ಫ್ಯುಸೇರಿಯಂನಂಥ ಶಿಲೀಂಧ್ರ ಒಳಹೊಕ್ಕರೆ ಮರಕ್ಕೆ ಕಿರುಕುಳ ನಿಲ್ಲುವುದಿಲ್ಲ, ರಾಳದ ವಲಯವೂ ಹಿಗ್ಗುತ್ತದೆ. ಅಸ್ಸಾಮಿನಲ್ಲಿ ಈ ಕೆಲಸವನ್ನು ಝುಝೆರಾ ಎಂಬ ಪತಂಗದ ಹುಳು ಪುಕ್ಕಟೆ ಮಾಡಿಕೊಡುತ್ತದೆ: ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಶಿಲೀಂಧ್ರ ಹಿಂದೆಯೇ ಬರುತ್ತದೆ. ನಮ್ಮ ಮಲೆನಾಡಿನಲ್ಲಿ ಅದನ್ನು ನಂಬಿಕೊಂಡು ಕೂರಲಾಗದು.

ಕೊರೆದ ಮರವನ್ನು ಅಡ್ಡ ಸೀಳಿ ನೋಡಿ. ತೂತಿನ ಪಕ್ಕದಲ್ಲೇ ಇರುವುದು ಕೊಳೆತ ಕಟ್ಟಿಗೆ, ಅದಕ್ಕೆ ಬೆಲೆಯಿಲ್ಲ. ಅದರಾಚೆಯ ಕಪ್ಪು-ಕಂದು ಪಟ್ಟಿಯೇ ಮಾಲು. ಅದರಾಚೆ ಮತ್ತೆ ಬಿಳಿ ಕಟ್ಟಿಗೆ. ಚುಚ್ಚಿದ್ದು ಅತಿಯಾದರೆ ಕೊಳೆತವೇ ಹೆಚ್ಚಾಗಿ ಮರ ಸತ್ತೂ ಹೋಗಬಹುದು. ಸತ್ತ ಕೋಶ ರಾಳ ಮಾಡುವುದಿಲ್ಲ.

ದ್ರಾವಣದಲ್ಲಿ ಏನಿದೆ ಅಂತ ಹೇಳದವರಿಂದ ಕೊಳ್ಳಬೇಡಿ. ದಪ್ಪಗಿರುವ ಎರಡು ಮರಕ್ಕೆ ಮಾತ್ರ ಹಾಕಿಸಿ, ಕೆಲವು ತಿಂಗಳು ಬಿಟ್ಟು ಕಪ್ಪು ಭಾಗದ ಚಕ್ಕೆ ತೆಗೆದು ಕೆಂಡದ ಮೇಲಿಟ್ಟು ಮೂಸಿ. ಉಳಿದ ಮರಗಳ ಮಾತು ಆಮೇಲೆ.