ಅಲ್ಝೈಮರ್‌ಗೆ ಅರಿಶಿನ, ಒಂದೆಲಗ ಔಷಧಿಯಾಗುತ್ತವೆಯೇ?

ದಾವಣಗೆರೆಯಲ್ಲಿರುವ 72 ವರ್ಷದ ನಿಮ್ಮ ಅಮ್ಮನಿಗೆ ಅಲ್ಝೈಮರ್‌ಗೆಂದು ಕೊಡುತ್ತಿರುವ ಡೊನೆಪೆಜಿಲ್ ಮಾತ್ರೆ ನಿಲ್ಲಿಸಿ ಅರಿಶಿನ-ಕಾಳುಮೆಣಸಿನ ಕ್ಯಾಪ್ಸೂಲ್ ಕೊಡಬಹುದೇ, ಒಂದೆಲಗ ತಿನ್ನಿಸಿದರೆ ಮರೆವು ಕಮ್ಮಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಮಾತ್ರೆ ನಿಲ್ಲಿಸಬೇಡಿ, ಕ್ಯಾಪ್ಸೂಲ್ ತರಬೇಡಿ. ಸಾರಿಗೆ ಹಾಕುವ ಅರಿಶಿನ, ಒಂದೆಲಗದ ಚಟ್ನಿ ಇವೆಲ್ಲ ಊಟದಲ್ಲಿ ಇರಲಿ.

ಅರಿಶಿನದಲ್ಲಿರುವ ಕರ್ಕ್ಯುಮಿನ್, ಅಲ್ಝೈಮರ್‌ನಲ್ಲಿ ಮೆದುಳಿನೊಳಗೆ ಗಂಟುಕಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಇಲಿಗಳಲ್ಲಿ ಫಲ ಚೆನ್ನಾಗಿಯೇ ಕಂಡಿದೆ. ಲೆಕ್ಕ ತಪ್ಪುವುದು ಮನುಷ್ಯರಿಗೆ ಬಂದಾಗ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಒಂದು ಚಮಚಕ್ಕೆ ಹೆಚ್ಚೆಂದರೆ 100 ಮಿಲಿಗ್ರಾಂ. ಅಮೆರಿಕದಲ್ಲಿ 36 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕರ್ಕ್ಯುಮಿನ್ ಅನ್ನು ದಿನಕ್ಕೆ 2 ಅಥವಾ 4 ಗ್ರಾಂನಂತೆ 24 ವಾರ ಕೊಟ್ಟರು. 4 ಗ್ರಾಂ ಅಂದರೆ ದಿನಕ್ಕೆ ಕಾಲು ಕಿಲೋದ ಅರ್ಧದಷ್ಟು ಅರಿಶಿನ ಪುಡಿ! ಅಷ್ಟಾದರೂ ನೆನಪಿನಲ್ಲಿ ಸುಧಾರಣೆ ಕಾಣಲಿಲ್ಲ. ರಕ್ತಕ್ಕೆ ಸೇರಿದ್ದೇ ಅತ್ಯಲ್ಪ.

ಮೆಣಸು ಸೇರಿಸುವುದು ಇದಕ್ಕೇ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಆದರೆ ಕರುಳು ಮತ್ತು ಯಕೃತ್ತಿನಲ್ಲಿ ಔಷಧಿಗಳನ್ನು ಕರಗಿಸುವ ಕಿಣ್ವಗಳನ್ನು ತಡೆದೇ ಪೈಪರಿನ್ ಈ ಕೆಲಸ ಮಾಡುವುದು. ಹಾಗಾಗಿ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಮಾತ್ರೆಗಳೂ ಮೈಯಲ್ಲಿ ಹೆಚ್ಚು ಉಳಿಯುತ್ತವೆ. ಇಂಥ ಕ್ಯಾಪ್ಸೂಲ್ ನುಂಗಿ ಯಕೃತ್ತಿಗೆ ಪೆಟ್ಟಾದವರಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ರಕ್ತಸ್ರಾವದ ಭಯವೂ ಇದೆ.

ಪುಡಿ ಕಣ್ಣು ಕುಕ್ಕುವಷ್ಟು ಹಳದಿಯಿದ್ದರೆ ಬೇಡ. ಬಣ್ಣಕ್ಕೆಂದು ಸೀಸದ ಕ್ರೋಮೇಟ್ ಬೆರೆಸುವುದುಂಟು, ಸೀಸ ಮೆದುಳಿಗೇ ವಿಷ.

ಗಿಂಕೋ ಎಂಬ ಮರದ ಎಲೆಯಿಂದ ಮಾಡಿದ ಮಾತ್ರೆಯನ್ನೂ ಯಾರಾದರೂ ಹೇಳಬಹುದು. 3,000ಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದರು, ಮರೆವಿನ ಕಾಯಿಲೆ ತಡೆಯಲಿಲ್ಲ. ಈ ಫಲಿತಾಂಶ 2008ರಲ್ಲಿ ಬಂತು. ಒಂದೆಲಗಕ್ಕೂ ಅಲ್ಝೈಮರ್ ರೋಗಿಗಳಲ್ಲಿ ಗಟ್ಟಿ ಪುರಾವೆಯಿಲ್ಲ. ಗಿಡದಿಂದ ಬಂದದ್ದೆಲ್ಲ ವ್ಯರ್ಥ ಎನ್ನುತ್ತಿಲ್ಲ. ವೈದ್ಯರು ಇದೇ ಕಾಯಿಲೆಗೆ ಬರೆಯುವ ಗ್ಯಾಲಂಟಮೈನ್ ಮೊದಲು ಸಿಕ್ಕಿದ್ದು ಹೂಗಿಡದ ಗೆಡ್ಡೆಯಲ್ಲಿ. ಅದರ ಪ್ರಮಾಣ ಗೊತ್ತು, ರೋಗಿಗಳ ಮೇಲೆ ಪರೀಕ್ಷೆಯಾಗಿದೆ.

ಕ್ಯಾಪ್ಸೂಲ್‌ಗೆ ಹೋಗುವ ಹಣದಲ್ಲಿ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಇನ್ನೂ ಆಗಿಲ್ಲದಿದ್ದರೆ. ಸಸ್ಯಾಹಾರಿ ಹಿರಿಯರಲ್ಲಿ ಬಿ12 ಕೊರತೆ ಸಾಮಾನ್ಯ. ಅದೊಂದೇ ಮರೆವನ್ನು ಹೆಚ್ಚಿಸಬಲ್ಲದು, ಇಂಜೆಕ್ಷನ್ ಅಥವಾ ಮಾತ್ರೆಯಿಂದ ಸರಿಪಡಿಸಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಾದರೆ ಖಂಡಿತ ನೋಡಿಸಿ.

ಡೊನೆಪೆಜಿಲ್‌ನಿಂದ ವಾಕರಿಕೆ, ಭೇದಿ, ಹಸಿವು ಕುಗ್ಗುವುದು ಉಂಟು. ರಾತ್ರಿ ಕೆಟ್ಟ ಕನಸು ಬಿದ್ದರೆ ಬೆಳಿಗ್ಗೆಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ. ನಾಡಿ ನಿಧಾನವಾಗಿ ತಲೆಸುತ್ತಿದರೆ ಆ ದಿನವೇ ತೋರಿಸಿ. ತಿಂಗಳಿಗೊಮ್ಮೆ ತೂಕ ಬರೆದಿಡಿ: 60 ಕಿಲೋ ಇದ್ದವರು ಕೆಲವೇ ತಿಂಗಳಲ್ಲಿ 57ಕ್ಕೆ ಇಳಿದರೆ ಅದು ಸಣ್ಣ ಸಂಗತಿಯಲ್ಲ. ಬೆಣ್ಣೆ, ತುಪ್ಪ ಕಡಿತ ಮಾಡುವ ಕಾಲವೂ ಇದಲ್ಲ. ನುಂಗುವಾಗ ಕೆಮ್ಮು ಬರತೊಡಗಿದರೆ ಮುದ್ದೆ ನುಂಗಿಸುವುದನ್ನು ನಿಲ್ಲಿಸಿ, ಗಟ್ಟಿ ಗಂಜಿಯನ್ನು ನೆಟ್ಟಗೆ ಕೂರಿಸಿ ಸಣ್ಣ ಚಮಚದಲ್ಲಿ ಕೊಡಿ, ವೈದ್ಯರಿಗೂ ತಿಳಿಸಿ.